ಕಳಿಸದೇ ಉಳಿದ ಎಕ್ಸ್‌ರೇಗಳು

ನಾನು ಕೆಲಸ ಮಾಡುವ ಪ್ರಾಣಿಗಳ ಆಸ್ಪತ್ರೆ ಅಮೆರಿಕದ ಇಲಿನಾಯ್ ರಾಜ್ಯದ ಒಂದು ಸಣ್ಣ ಊರಿನಲ್ಲಿದೆ. ಸುತ್ತಲೂ ಮುಸುಕಿನ ಜೋಳ, ಸೋಯಾ ಹೊಲಗಳು. ಇಲ್ಲಿ ಬಾತುಕೋಳಿ ಬೇಟೆಗೆ ಹೋಗುವವರು ಜಾಸ್ತಿ, ಹಾಗಾಗಿ ಲ್ಯಾಬ್ರಡಾರ್‌ಗಳೂ ಜಾಸ್ತಿ. ನಾನು ಡಾಕ್ಟರ್ ಅಲ್ಲ, ಟೆಕ್ನಿಷಿಯನ್. ಎಕ್ಸ್‌ರೇ ಮೇಜಿನ ಮೇಲೆ ನಾಯಿಯನ್ನು ಸರಿಯಾಗಿ ಮಲಗಿಸಿ ಚಿತ್ರ ತೆಗೆಯೋದು ನನ್ನ ಕೆಲಸದ ದೊಡ್ಡ ಭಾಗ. ಮರಿ ಮಾಡಿಸೋಕೆ ಮುಂಚೆ ಸೊಂಟದ ಕೀಲು ಮತ್ತು ಮುಂಗಾಲಿನ ಮೊಣಕೈ ಹೇಗಿವೆ ಅಂತ ನೋಡಿಸಲು ಬ್ರೀಡರ್‌ಗಳು ಬರುತ್ತಾರೆ. ಚಿತ್ರ ಚೆನ್ನಾಗಿದ್ದರೆ ಅದು ಪಕ್ಕದ ಮಿಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿರುವ ಓಎಫ್‌ಎಗೆ, ಅಂದರೆ ಆರ್ಥೋಪೆಡಿಕ್ ಫೌಂಡೇಶನ್ ಫಾರ್ ಅನಿಮಲ್ಸ್‌ಗೆ ಹೋಗುತ್ತದೆ. ಕೆಲವು ವಾರದಲ್ಲಿ ಸರ್ಟಿಫಿಕೇಟ್ ಬರುತ್ತದೆ. ಚಿತ್ರ ಚೆನ್ನಾಗಿಲ್ಲದಿದ್ದರೆ?

ಅಲ್ಲೇ ನನ್ನ ಮನಸ್ಸು ಸಿಕ್ಕಿಹಾಕಿಕೊಂಡಿದೆ. ಎಷ್ಟೋ ಸಲ ಡಾಕ್ಟರ್ ಪರದೆಯ ಮೇಲೆ ಚಿತ್ರ ತೋರಿಸಿ, "ಎಡಗಡೆ ಕೀಲು ಅಷ್ಟು ಚೆನ್ನಾಗಿ ಕೂತಿಲ್ಲ ನೋಡಿ" ಅನ್ನುತ್ತಾರೆ. ಮಾಲೀಕರು ಸ್ವಲ್ಪ ಹೊತ್ತು ನೋಡುತ್ತಾರೆ. ಆಮೇಲೆ, "ಹಾಗಾದರೆ ಕಳಿಸೋದು ಬೇಡ ಬಿಡಿ" ಅನ್ನುತ್ತಾರೆ. ತಪ್ಪೇನಿಲ್ಲ, ನಿಯಮವೇ ಹಾಗಿದೆ. ಕಳಿಸೋದೂ ಬಿಡೋದೂ ಅವರ ಇಷ್ಟ. ಫೀಸು ಉಳಿಯುತ್ತದೆ, ಮುಜುಗರವೂ ತಪ್ಪುತ್ತದೆ. ಅವರಲ್ಲಿ ಬಹಳ ಜನ ಒಳ್ಳೆಯವರೇ. ಆ ನಾಯಿಯಿಂದ ಮರಿ ಮಾಡಿಸುವುದಿಲ್ಲ, ಮನೆಯಲ್ಲಿ ಸುಮ್ನೆ ಪ್ರೀತಿಯಿಂದ ಸಾಕುತ್ತಾರೆ. ಆದರೆ ಆ ಚಿತ್ರ ನಮ್ಮ ಕಂಪ್ಯೂಟರಿನಲ್ಲೇ ಉಳಿದುಹೋಗುತ್ತದೆ. ಆ ನಾಯಿಯ ಅಕ್ಕತಂಗಿಯರನ್ನು, ಅಣ್ಣತಮ್ಮಂದಿರನ್ನು ಸಾಕಿದವರಿಗೆ ಅದು ಯಾವತ್ತೂ ಗೊತ್ತಾಗುವುದಿಲ್ಲ. ಇಡೀ ಸರ್ಟಿಫಿಕೇಟ್ ವ್ಯವಸ್ಥೆ ನಿಂತಿರುವುದು ಕಳಿಸಿದ ಚಿತ್ರಗಳ ಮೇಲೆ. ಕಳಿಸದೇ ಉಳಿದ ಚಿತ್ರಗಳಲ್ಲಿ ಏನಿತ್ತು ಅನ್ನೋದೇ ಅದಕ್ಕಿಂತ ದೊಡ್ಡ ಸುದ್ದಿ ಅಂತ ನನಗೆ ದಿನದಿನಕ್ಕೂ ಗಟ್ಟಿಯಾಗಿ ಅನ್ನಿಸುತ್ತಿದೆ.

ಒಂದು ಚಿತ್ರ ತೆಗೆಯುವ ಕಷ್ಟ

ನಾಯಿಯ ಸೊಂಟದ ಕೀಲು ಅಂದರೆ ಒರಳಿನಲ್ಲಿ ರುಬ್ಬುವ ಗುಂಡು ಕೂತ ಹಾಗೆ. ತೊಡೆಮೂಳೆಯ ಗುಂಡು ತಲೆ ಸೊಂಟದ ಮೂಳೆಯ ಗುಳಿಯಲ್ಲಿ ಆಳವಾಗಿ, ಬಿಗಿಯಾಗಿ ಕೂತಿರಬೇಕು. ಗುಳಿ ಆಳವಿಲ್ಲದಿದ್ದರೆ, ಇಲ್ಲವೇ ಗುಂಡು ಸಡಿಲವಾಗಿದ್ದರೆ, ನಡೆದಾಗಲೆಲ್ಲ ಅದು ಅಂಚಿಗೆ ಉಜ್ಜುತ್ತದೆ. ವರ್ಷಗಳು ಕಳೆದ ಹಾಗೆ ಅಲ್ಲಿ ಸಂಧಿವಾತ ಬರುತ್ತದೆ. ಇದೇ ಹಿಪ್ ಡಿಸ್ಪ್ಲೇಸಿಯಾ. ನಾಯಿಗಳಲ್ಲಿ ಇದನ್ನು ಮೊದಲು ವಿವರಿಸಿದವರು ಬಾಸ್ಟನ್ನಿನ ಪಶುವೈದ್ಯ ಗೆರಿ ಷ್ನೆಲ್. ಅದು 1930ರ ದಶಕದ ಮಾತು. ಆಗ ಇದು ಅಪರೂಪದ ಕಾಯಿಲೆ ಅಂತ ಎಲ್ಲರೂ ಅಂದುಕೊಂಡಿದ್ದರು. ಎಕ್ಸ್‌ರೇ ತೆಗೆಯುತ್ತಾ ಹೋದ ಹಾಗೆ, ದೊಡ್ಡ ತಳಿಗಳಲ್ಲಿ ಇದು ಎಲ್ಲ ಕಡೆಯೂ ಇದೆ ಅಂತ ಗೊತ್ತಾಯಿತು.

ಚಿತ್ರ ತೆಗೆಯೋದು ಸುಲಭ ಅಲ್ಲ. ನಾಯಿಯನ್ನು ಅಂಗಾತ ಮಲಗಿಸಬೇಕು. ಹಿಂದಿನ ಎರಡೂ ಕಾಲುಗಳನ್ನು ನೀಟಾಗಿ ಚಾಚಿ, ಒಂದಕ್ಕೊಂದು ಸಮಾನಾಂತರವಾಗಿ ಹಿಡಿದು, ಮಂಡಿಚಿಪ್ಪು ತೊಡೆಮೂಳೆಯ ನಡುವೆ ಬರುವ ಹಾಗೆ ಒಳಕ್ಕೆ ತಿರುಗಿಸಬೇಕು. ಸೊಂಟ ಸ್ವಲ್ಪ ಓರೆಯಾದರೂ ಸಾಕು, ಒಂದು ಕಡೆಯ ಗುಳಿ ಆಳವಾಗಿಯೂ ಇನ್ನೊಂದು ಕಡೆಯದು ತೆಳುವಾಗಿಯೂ ಕಾಣುತ್ತದೆ. ಒಳ್ಳೆಯ ಕೀಲು ಕೆಟ್ಟದಾಗಿ ಕಾಣಬಹುದು. ಅದಕ್ಕೇ ನಾನು ಮೊದಲು ನೋಡೋದು ಸೊಂಟದ ಮೂಳೆಯ ಎರಡು ರಂಧ್ರಗಳನ್ನು. ಎರಡೂ ಒಂದೇ ಅಳತೆಯಲ್ಲಿ ಕಂಡರೆ ನಾಯಿ ನೆಟ್ಟಗೆ ಮಲಗಿದೆ ಅಂತ ಅರ್ಥ. ಓಎಫ್‌ಎ ಮತ್ತಿನ ಇಂಜೆಕ್ಷನ್ ಕಡ್ಡಾಯ ಅಂತ ಹೇಳುವುದಿಲ್ಲ. ಆದರೆ ನಮ್ಮ ಡಾಕ್ಟರ್ ಕೊಟ್ಟೇ ಕೊಡುತ್ತಾರೆ. ಎಚ್ಚರವಿರುವ ನಾಯಿ ಹೆದರಿ ಮೈ ಬಿಗಿ ಹಿಡಿಯುತ್ತದೆ, ಆಗ ಸಡಿಲ ಕೀಲೂ ಬಿಗಿಯಾಗಿ ಕಾಣುತ್ತದೆ. ಹೆಣ್ಣುನಾಯಿ ಬೆದೆಗೆ ಬಂದ ಸಮಯದಲ್ಲಿ, ಮರಿಗಳಿಗೆ ಹಾಲು ಬಿಡಿಸಿದ ಹೊಸದರಲ್ಲಿ ತೆಗೆಯಬಾರದು ಅನ್ನೋ ಸಲಹೆಯೂ ಇದೆ. ಆ ದಿನಗಳಲ್ಲಿ ಹಾರ್ಮೋನುಗಳಿಂದ ಕೀಲು ಸಡಿಲ ಕಾಣಬಹುದು.

ಮೊಣಕೈ ಚಿತ್ರ ಸ್ವಲ್ಪ ಸಲೀಸು. ಮುಂಗಾಲನ್ನು ಪೂರ್ತಿ ಮಡಚಿ ಪಕ್ಕದಿಂದ ತೆಗೆಯುತ್ತೇವೆ. ಆದರೆ ಓದುವುದು ಕಷ್ಟ. ಮೊಣಕೈ ಡಿಸ್ಪ್ಲೇಸಿಯಾ ಅನ್ನೋದು ಒಂದೇ ಕಾಯಿಲೆ ಅಲ್ಲ. ಮೂಳೆಯ ಒಂದು ಮೊನೆ ಬೆಳೆಯುವ ವಯಸ್ಸಿನಲ್ಲಿ ಕೂಡಿಕೊಳ್ಳದೇ ಉಳಿಯಬಹುದು. ಒಳಗಿನ ಇನ್ನೊಂದು ಸಣ್ಣ ಮೊನೆ ಚೂರಾಗಬಹುದು. ಮೃದುಮೂಳೆ ಸಿಪ್ಪೆಯ ಹಾಗೆ ಏಳಬಹುದು. ಕೀಲಿನ ಮೂಳೆಗಳು ಒಂದಕ್ಕೊಂದು ಸರಿಯಾಗಿ ಹೊಂದದೇ ಇರಬಹುದು. ಚೂರಾದ ಮೊನೆ ಚಿತ್ರದಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಅದು ಕೊಟ್ಟ ತೊಂದರೆಯಿಂದ ಅಂಚಿನಲ್ಲಿ ಹೊಸದಾಗಿ ಬೆಳೆದ ಮೂಳೆ ಮಾತ್ರ ಕಾಣುತ್ತದೆ. ಓಎಫ್‌ಎ ಆ ಬೆಳವಣಿಗೆಯನ್ನು ಅಳೆಯುತ್ತದೆ. 3 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಗ್ರೇಡ್ 1, 3ರಿಂದ 5 ಇದ್ದರೆ ಗ್ರೇಡ್ 2, ಅದಕ್ಕೂ ಜಾಸ್ತಿಯಾದರೆ ಗ್ರೇಡ್ 3. ಗ್ರೇಡ್ 1 ಇರುವ ನಾಯಿಗಳಲ್ಲಿ ಹೆಚ್ಚಿನವು ಕುಂಟುವುದೇ ಇಲ್ಲ. ಅದಕ್ಕೇ "ನಮ್ಮ ನಾಯಿ ಚೆನ್ನಾಗೇ ಓಡುತ್ತಲ್ಲ" ಅಂತ ಮಾಲೀಕರು ನಂಬುವುದಿಲ್ಲ. ಓಡುತ್ತದೆ ನಿಜ. ಆದರೆ ಅದರ ಮರಿಗಳಲ್ಲಿ ಯಾವುದೋ ಒಂದಕ್ಕೆ ಬೆಳೆಯುತ್ತಾ ಗ್ರೇಡ್ 3 ಬಂದರೆ ಅದಕ್ಕೆ ಓಡೋದು ಕಷ್ಟ.

ಮೂರು ಜೊತೆ ಕಣ್ಣುಗಳು

ಓಎಫ್‌ಎ ಹುಟ್ಟಿದ್ದು 1966ರಲ್ಲಿ. ಅದರ ಹಿಂದಿದ್ದವರು ಉದ್ಯಮಿ ಜಾನ್ ಓಲಿನ್. ನಾಯಿಗಳನ್ನು ಸಾಕಿ ಬೆಳೆಸುವ ಅವರ ನಿಲೋ ಕೆನಲ್ ನಮ್ಮ ಇಲಿನಾಯ್‌ನಲ್ಲೇ, ಆಲ್ಟನ್ ಊರಿನ ಹತ್ತಿರ ಇತ್ತು. ಅವರ ಕಪ್ಪು ಲ್ಯಾಬ್ರಡಾರ್ ಕಿಂಗ್ ಬಕ್ 1952 ಮತ್ತು 1953ರಲ್ಲಿ ಬೇಟೆನಾಯಿಗಳ ಸ್ಪರ್ಧೆಯಲ್ಲಿ ರಾಷ್ಟ್ರೀಯ ಚಾಂಪಿಯನ್. 1959ರಲ್ಲಿ ಬಾತುಕೋಳಿ ಬೇಟೆಯ ಸರ್ಕಾರಿ ಸ್ಟ್ಯಾಂಪಿನ ಮೇಲೆ ಅದರ ಚಿತ್ರವೂ ಬಂತು. ಅಷ್ಟು ಹೆಸರಿದ್ದ ಕೆನಲ್‌ನಲ್ಲೂ ನಾಯಿಗಳಿಗೆ ಸೊಂಟದ ತೊಂದರೆ ಕಾಣಿಸಿಕೊಂಡಿತು. ಓಲಿನ್ ಅದನ್ನು ಮುಚ್ಚಿಡಲಿಲ್ಲ. ಪಶುವೈದ್ಯರನ್ನು, ಗೋಲ್ಡನ್ ರಿಟ್ರೀವರ್ ಮತ್ತು ಜರ್ಮನ್ ಶೆಫರ್ಡ್ ಕ್ಲಬ್ಬುಗಳವರನ್ನು ಒಟ್ಟಿಗೆ ಕೂರಿಸಿದರು. ಇದಕ್ಕೆ ಏನಾದರೂ ಮಾಡಲೇಬೇಕು ಅಂತ ಹೊರಟರು. ಈ ಸಂಸ್ಥೆ ಹುಟ್ಟಿದ್ದೇ ಒಬ್ಬ ಮನುಷ್ಯ ತನ್ನ ಕೆಟ್ಟ ಸುದ್ದಿಯನ್ನು ಎದುರಿಗಿಟ್ಟದ್ದರಿಂದ. ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ.

ನಾವು ಕಳಿಸಿದ ಚಿತ್ರವನ್ನು ಮೂವರು ಪಶು ರೇಡಿಯಾಲಜಿಸ್ಟ್‌ಗಳು ಬೇರೆಬೇರೆಯಾಗಿ ನೋಡುತ್ತಾರೆ. ಒಬ್ಬರು ಏನು ಹೇಳಿದರು ಅಂತ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಸೊಂಟಕ್ಕೆ ಏಳು ದರ್ಜೆಗಳಿವೆ. ಎಕ್ಸಲೆಂಟ್, ಗುಡ್, ಫೇರ್ ಈ ಮೂರು ಪಾಸು. ಬಾರ್ಡರ್‌ಲೈನ್ ನಡುವಿನದು. ಮೈಲ್ಡ್, ಮಾಡರೇಟ್, ಸಿವಿಯರ್ ಅಂದರೆ ಡಿಸ್ಪ್ಲೇಸಿಯಾ ಇದೆ ಅಂತ. ಇಬ್ಬರು ಎಕ್ಸಲೆಂಟ್, ಒಬ್ಬರು ಗುಡ್ ಅಂದರೆ ಎಕ್ಸಲೆಂಟ್. ಮೂವರೂ ಒಂದೊಂದು ಹೇಳಿ ಎಕ್ಸಲೆಂಟ್, ಗುಡ್, ಫೇರ್ ಅಂತ ಬಂದರೆ ಗುಡ್. ಮೊಣಕೈಗೆ ಇಂಥ ಮೆಚ್ಚುಗೆಯ ದರ್ಜೆಗಳಿಲ್ಲ. ನಾರ್ಮಲ್, ಇಲ್ಲದಿದ್ದರೆ ಆಗಲೇ ಹೇಳಿದ ಮೂರು ಗ್ರೇಡ್.

ಸರ್ಟಿಫಿಕೇಟ್ ನಂಬರ್ ಸಿಗಬೇಕಾದರೆ ನಾಯಿಗೆ 24 ತಿಂಗಳು ತುಂಬಿರಬೇಕು. ಅದಕ್ಕೂ ಮುಂಚೆ, ನಾಲ್ಕು ತಿಂಗಳಾದ ಮೇಲೆ ಯಾವಾಗ ಬೇಕಾದರೂ ತಾತ್ಕಾಲಿಕವಾಗಿ ನೋಡಿಸಬಹುದು. ಆದರೆ ನಂಬರ್ ಸಿಗುವುದಿಲ್ಲ. ಆ ನಂಬರನ್ನು ಓದುವುದು ನನಗೆ ಇಷ್ಟದ ಕೆಲಸ. ಮೊದಲು ತಳಿಯ ಅಕ್ಷರಗಳು, ಲ್ಯಾಬ್ರಡಾರ್ ಆದರೆ ಎಲ್‌ಆರ್. ಆಮೇಲೆ ಸರದಿ ಸಂಖ್ಯೆ, ದರ್ಜೆಯ ಅಕ್ಷರ, ಚಿತ್ರ ತೆಗೆದಾಗ ಎಷ್ಟು ತಿಂಗಳಾಗಿತ್ತು, ಗಂಡೋ ಹೆಣ್ಣೋ. ಕೊನೆಗೆ ಬರುವ ಅಕ್ಷರಗಳು ಮೈಕ್ರೋಚಿಪ್ ಅಥವಾ ಹಚ್ಚೆಯಿಂದ ನಾಯಿಯ ಗುರುತು ಇದೆಯೇ, ಅದನ್ನು ಡಾಕ್ಟರ್ ಸ್ವತಃ ನೋಡಿ ಖಚಿತ ಮಾಡಿದ್ದಾರೆಯೇ ಅಂತ ಹೇಳುತ್ತವೆ. ಇದು ಬೇಕೇ ಬೇಕು. ಇಲ್ಲದಿದ್ದರೆ ಬೇರೆ ನಾಯಿಯ ಒಳ್ಳೆಯ ಸೊಂಟವನ್ನು ಈ ನಾಯಿಯ ಹೆಸರಿನಲ್ಲಿ ಕಳಿಸೋದು ಏನು ಕಷ್ಟ? ಮತ್ತಿನ ಇಂಜೆಕ್ಷನ್ ಕೊಡುವ ಮುಂಚೆ ಸ್ಕ್ಯಾನರ್ ಹಿಡಿದು ಚಿಪ್ ಓದೋದೇ ನನ್ನ ಮೊದಲ ಕೆಲಸ. ಪರಿಚಯದವರು ಬಂದರೂ ಓದುತ್ತೇನೆ.

ಅರ್ಜಿಯಲ್ಲಿ ಒಂದು ಚಿಕ್ಕ ಜಾಗ

ಒಳ್ಳೆಯ ಫಲಿತಾಂಶವನ್ನು ಓಎಫ್‌ಎ ತನ್ನ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತದೆ. ಕೆಟ್ಟ ಫಲಿತಾಂಶ ಬಂದರೆ ಮಾಲೀಕರು ಒಪ್ಪಿದರೆ ಮಾತ್ರ ಹಾಕುತ್ತದೆ. ಆ ಒಪ್ಪಿಗೆಗೆ ಅರ್ಜಿಯಲ್ಲಿ ಒಂದು ಚಿಕ್ಕ ಜಾಗವಿದೆ. ಅಲ್ಲಿ ಹೆಸರಿನ ಮೊದಲ ಅಕ್ಷರಗಳನ್ನು ಬರೆಯಬೇಕು. ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ.

ಒಬ್ಬ ಹೆಂಗಸು ನೆನಪಾಗುತ್ತಾರೆ. ವಯಸ್ಸು ಅರವತ್ತು ದಾಟಿತ್ತು. ಗೋಲ್ಡನ್ ರಿಟ್ರೀವರ್‌ಗಳನ್ನು ಸಾಕಿ ಮರಿ ಮಾಡಿಸುವವರು. ವರ್ಷಕ್ಕೆ ಒಂದೋ ಎರಡೋ ಸೂಲು, ಅಷ್ಟೇ. ಅವತ್ತು ತಂದಿದ್ದು ಎರಡು ವರ್ಷ ತುಂಬಿದ ಹೆಣ್ಣುನಾಯಿ. ಅದರ ಅಮ್ಮನನ್ನೂ ಅಜ್ಜಿಯನ್ನೂ ಅವರೇ ಸಾಕಿದ್ದರು. ಗಂಡುನಾಯಿಯನ್ನೂ ಗೊತ್ತುಮಾಡಿ ಆಗಿತ್ತು, ಮರಿಗಳಿಗೆ ಕಾಯುತ್ತಿದ್ದ ಮನೆಗಳ ಪಟ್ಟಿಯೂ ಇತ್ತು. ಆ ನಾಯಿಯ ಸ್ವಭಾವ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮತ್ತಿನ ಇಂಜೆಕ್ಷನ್ ಕೊಡುವಾಗಲೂ ನನ್ನ ಕೈ ನೆಕ್ಕುತ್ತಿತ್ತು. ಚಿತ್ರ ಪರದೆಗೆ ಬಂತು. ಬಲಗಡೆ ಚೆನ್ನಾಗಿತ್ತು. ಎಡಗಡೆ ಗುಂಡು ಗುಳಿಯಿಂದ ಸ್ವಲ್ಪ ಹೊರಗೆ ಸರಿದಿತ್ತು, ಗುಳಿಯೂ ಆಳವಿರಲಿಲ್ಲ. ನಾನು ಮಲಗಿಸಿದ್ದರಲ್ಲಿ ಓರೆಯಿದೆಯೇನೋ ಅಂತ ಡಾಕ್ಟರ್ ಇನ್ನೊಂದು ತೆಗೆಸಿದರು. ಅದರಲ್ಲೂ ಹಾಗೇ ಇತ್ತು.

ಡಾಕ್ಟರ್, "ದರ್ಜೆ ಹೇಳುವವನು ನಾನಲ್ಲ, ಆದರೆ ಇದು ಪಾಸಾಗುವುದು ಕಷ್ಟ" ಅಂದರು. ಆಕೆ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು. ಕಣ್ಣಲ್ಲಿ ನೀರಿತ್ತು. ಆಮೇಲೆ ಅರ್ಜಿ ಕೇಳಿದರು. ಡಾಕ್ಟರ್, "ಕಳಿಸಲೇಬೇಕು ಅಂತೇನಿಲ್ಲ" ಅಂತ ನೆನಪಿಸಿದರು. ಆಕೆ, "ಗೊತ್ತು. ಇವಳ ಜೊತೆ ಹುಟ್ಟಿದ ಎಂಟು ಮರಿಗಳು ಬೇರೆಬೇರೆ ಮನೆಯಲ್ಲಿವೆ. ಎರಡು ಮನೆಯವರು ಮರಿ ಮಾಡಿಸಬೇಕು ಅಂತಿದ್ದಾರೆ. ಅವರಿಗೆ ಗೊತ್ತಾಗಬೇಡವೇ?" ಅಂದರು. ಆ ಚಿಕ್ಕ ಜಾಗದಲ್ಲಿ ಎರಡಕ್ಷರ ಬರೆದರು. ಮೈಲ್ಡ್ ಅಂತ ಬಂತು. ಇವತ್ತಿಗೂ ಆ ನಾಯಿಯ ಹೆಸರು ಹಾಕಿ ಹುಡುಕಿದರೆ ಅದು ಎಲ್ಲರಿಗೂ ಕಾಣುತ್ತದೆ. ಆಕೆ ಗೊತ್ತುಮಾಡಿದ್ದ ಗಂಡುನಾಯಿಯ ಮಾಲೀಕರಿಗೆ ಫೋನ್ ಮಾಡಿ ಬೇಡ ಅಂದರು. ಕಾಯುತ್ತಿದ್ದ ಮನೆಯವರಿಗೂ ಒಬ್ಬೊಬ್ಬರಿಗೇ ಕಾರಣ ಹೇಳಿದರು. ಒಂದು ಸೂಲು ಹೋಯಿತು ಅಂದರೆ ಸಣ್ಣ ಬ್ರೀಡರ್‌ಗೆ ಅದು ಸಣ್ಣ ನಷ್ಟ ಅಲ್ಲ. ಮೂರು ತಲೆಮಾರು ಕಟ್ಟಿದ ಕೆಲಸ ಒಂದು ಕವಲಿನಲ್ಲಿ ನಿಂತುಹೋಯಿತು. ನಾನು ನೋಡಿದ ಬ್ರೀಡರ್‌ಗಳಲ್ಲಿ ನಾನು ಅತಿ ಹೆಚ್ಚು ಗೌರವಿಸುವುದು ಇವರನ್ನು.

ಆಕೆ ಮಾಡಿದ್ದು ಬರೀ ಪ್ರಾಮಾಣಿಕತೆ ಅಂತ ನೋಡಿದರೆ ಅರ್ಧ ಮಾತ್ರ ನೋಡಿದ ಹಾಗೆ. ಅದರಲ್ಲಿ ಲೆಕ್ಕವೂ ಇದೆ. ಹಿಪ್ ಡಿಸ್ಪ್ಲೇಸಿಯಾ ಒಂದೇ ಜೀನ್‌ನಿಂದ ಬರುವುದಲ್ಲ. ಎಷ್ಟೋ ಜೀನ್‌ಗಳು ಸ್ವಲ್ಪ ಸ್ವಲ್ಪ ಸೇರಿ, ಜೊತೆಗೆ ಊಟ, ತೂಕ, ಬೆಳೆದ ಜಾಗ ಎಲ್ಲ ಸೇರಿ ಆಗುವುದು. ಅಪ್ಪ ಅಮ್ಮ ಇಬ್ಬರೂ ಎಕ್ಸಲೆಂಟ್ ಇದ್ದರೂ ಮರಿಗೆ ಬರಬಹುದು. ಒಂದು ನಾಯಿಯ ಚಿತ್ರ ಆ ನಾಯಿಯ ಮೂಳೆ ಹೇಗಿದೆ ಅಂತ ಹೇಳುತ್ತದೆ. ಅದು ಮರಿಗಳಿಗೆ ಏನು ಕೊಡುತ್ತದೆ ಅನ್ನೋದನ್ನು ಅಷ್ಟು ಚೆನ್ನಾಗಿ ಹೇಳುವುದಿಲ್ಲ. ಅದನ್ನು ಊಹಿಸಬೇಕಾದರೆ ಜೊತೆಗೆ ಹುಟ್ಟಿದವು, ಅಪ್ಪ ಅಮ್ಮನ ಜೊತೆ ಹುಟ್ಟಿದವು, ಮುಂಚಿನ ಸೂಲಿನ ಮರಿಗಳು ಎಲ್ಲ ಹೇಗಿವೆ ಅಂತ ಗೊತ್ತಿರಬೇಕು. ತಾನು ಎಕ್ಸಲೆಂಟ್ ಇದ್ದು ಒಡಹುಟ್ಟಿದವರಲ್ಲಿ ಅರ್ಧಕ್ಕೆ ತೊಂದರೆ ಇರುವ ನಾಯಿಗಿಂತ, ತಾನು ಫೇರ್ ಇದ್ದು ಒಡಹುಟ್ಟಿದವರೆಲ್ಲ ಚೆನ್ನಾಗಿರುವ ನಾಯಿಯನ್ನೇ ನಾನು ಆರಿಸುತ್ತೇನೆ. ಆದರೆ ಆ ಅರ್ಧದ ಚಿತ್ರಗಳು ಯಾರದೋ ಕಂಪ್ಯೂಟರಿನಲ್ಲೇ ಉಳಿದಿದ್ದರೆ, ನಮ್ಮ ಕಣ್ಣಿಗೆ ಕಾಣುವುದು ಎಕ್ಸಲೆಂಟ್ ಮಾತ್ರ, ಅಲ್ವಾ?

ಎಷ್ಟು ಚಿತ್ರಗಳು ಉಳಿದುಹೋಗುತ್ತಿವೆ?

ಇದು ನನ್ನ ಒಬ್ಬಳ ಅನುಮಾನ ಅಲ್ಲ. 2005ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ ಒಂದು ಅಧ್ಯಯನ ಪ್ರಕಟಿಸಿತು. ಗೋಲ್ಡನ್ ರಿಟ್ರೀವರ್ ಮತ್ತು ರಾಟ್‌ವೈಲರ್‌ಗಳ ಚಿತ್ರಗಳನ್ನು, ಕಳಿಸಿದ್ದು ಕಳಿಸದ್ದು ಎರಡನ್ನೂ ಸೇರಿಸಿ ಓದಿಸಿದರು. ಓಎಫ್‌ಎ ಪಟ್ಟಿಯ ಪ್ರಕಾರ ಗೋಲ್ಡನ್‌ಗಳಲ್ಲಿ ಸೊಂಟದ ತೊಂದರೆ ಇರುವುದು ಸುಮಾರು ಐದರಲ್ಲಿ ಒಂದಕ್ಕೆ. ಈ ಅಧ್ಯಯನದಲ್ಲಿ, ಓದಿದವರು ಯಾರು ಅನ್ನುವುದರ ಮೇಲೆ, ಅದು ಶೇಕಡಾ 53ರಿಂದ 73ರವರೆಗೆ ಬಂತು. ರಾಟ್‌ವೈಲರ್‌ಗಳಲ್ಲಿ 41ರಿಂದ 69. ಚೆನ್ನಾಗಿ ಕಾಣುವ ಚಿತ್ರವನ್ನು ಓಎಫ್‌ಎಗೆ ಕಳಿಸುವ ಸಾಧ್ಯತೆ 8.2 ಪಟ್ಟು ಜಾಸ್ತಿ ಅಂತ ಅವರು ಲೆಕ್ಕ ಹಾಕಿದರು. ಆ ತಂಡದ್ದೇ ಬೇರೆ ಪದ್ಧತಿ ಇದೆ, ಹಾಗಾಗಿ ಓಎಫ್‌ಎ ಕಡೆಯವರು ಈ ಅಂಕಿಗಳನ್ನು ಎಚ್ಚರದಿಂದ ನೋಡಿದರೆ ನನಗೆ ಆಶ್ಚರ್ಯವಿಲ್ಲ. ಆದರೂ ಎಕ್ಸ್‌ರೇ ಕೋಣೆಯಲ್ಲಿ ನಿಂತು ನೋಡುವ ನನಗೆ ದಿಕ್ಕು ಸರಿಯಾಗೇ ಇದೆ ಅನ್ನಿಸುತ್ತದೆ.

ಅವರ ಪದ್ಧತಿಯ ಹೆಸರು ಪೆನ್‌ಹಿಪ್. ಅದನ್ನು ಕಟ್ಟಿದವರು ಡಾ. ಗೇಲ್ ಸ್ಮಿತ್. ಅದರಲ್ಲಿ ಕೀಲು ಎಷ್ಟು ಸಡಿಲ ಅನ್ನೋದನ್ನೇ ಅಳೆಯುತ್ತಾರೆ. ನಾಯಿಗೆ ಪೂರ್ತಿ ಮತ್ತು ಬರಿಸಿ, ತೊಡೆಗಳ ನಡುವೆ ಒಂದು ಸಾಧನ ಇಟ್ಟು, ಗುಂಡು ಗುಳಿಯಿಂದ ಎಷ್ಟು ಹೊರಗೆ ಬರುತ್ತದೆ ನೋಡುತ್ತಾರೆ. 0 ಅಂದರೆ ಬಿಗಿ, 1ರ ಹತ್ತಿರ ಬಂದಷ್ಟೂ ಸಡಿಲ. 0.30 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಂಧಿವಾತದ ಭಯ ಬಹಳ ಕಡಿಮೆ. 16 ವಾರದ ಮರಿಗೇ ಮಾಡಬಹುದು. ಅದಕ್ಕೆಂದೇ ತರಬೇತಿ ಪಡೆದವರಷ್ಟೇ ಮಾಡಬಹುದು. ಆದರೆ ನನಗೆ ಇದರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ ಒಂದು ನಿಯಮ. ಚಿತ್ರ ತೆಗೆದ ಮೇಲೆ ಕಳಿಸಲೇಬೇಕು. ಒಳ್ಳೆಯದೋ ಕೆಟ್ಟದ್ದೋ, ಮಾಲೀಕರಿಗೆ ಅಲ್ಲಿ ಆಯ್ಕೆಯಿಲ್ಲ. ಹಾಗಾಗಿ ಒಂದು ತಳಿಯ ಸರಾಸರಿ ಅಂತ ಅವರು ಹೇಳಿದರೆ ಅದನ್ನು ನಾನು ಹೆಚ್ಚು ನಂಬುತ್ತೇನೆ.

ಯುರೋಪಿನಲ್ಲಿ ದಾರಿ ಬೇರೆ. ಅಲ್ಲಿನ ಎಷ್ಟೋ ದೇಶಗಳು ಎಫ್‌ಸಿಐ ಅನ್ನೋ ಕೆನಲ್ ಕ್ಲಬ್ಬುಗಳ ಅಂತರರಾಷ್ಟ್ರೀಯ ಒಕ್ಕೂಟದ ಪದ್ಧತಿಯಲ್ಲಿ ಎ ಇಂದ ಇ ತನಕ ಐದು ದರ್ಜೆ ಕೊಡುತ್ತವೆ, ಎ ಎಲ್ಲಕ್ಕಿಂತ ಒಳ್ಳೆಯದು. ಬ್ರಿಟನ್ನಿನಲ್ಲಿ ಪ್ರತಿ ಸೊಂಟದ ಒಂಬತ್ತು ಅಂಶಗಳಿಗೆ ಅಂಕ ಕೊಟ್ಟು ಕೂಡುತ್ತಾರೆ. ಒಂದು ಕಡೆಗೆ 53, ಎರಡೂ ಸೇರಿ 106. ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು. ಜರ್ಮನ್ ಶೆಫರ್ಡ್‌ಗಳ ಮೂಲ ಸಂಘವಾದ ಎಸ್‌ವಿಯಲ್ಲಿ ಸೊಂಟ ನೋಡಿಸಿ ಮುದ್ರೆ ಪಡೆಯದ ನಾಯಿಯಿಂದ ಮರಿ ಮಾಡಿಸುವ ಹಾಗೇ ಇಲ್ಲ. ಆದರೆ ನನ್ನ ಮನಸ್ಸು ಗೆದ್ದಿರುವುದು ಸ್ವೀಡನ್ ಮತ್ತು ಫಿನ್‌ಲ್ಯಾಂಡ್. ಅಲ್ಲಿನ ಕೆನಲ್ ಕ್ಲಬ್ಬುಗಳು ಎಲ್ಲ ಫಲಿತಾಂಶಗಳನ್ನೂ ಯಾರು ಬೇಕಾದರೂ ನೋಡುವ ಹಾಗೆ ಇಟ್ಟಿವೆ. ಡಿ ಬಂದ ನಾಯಿಯೂ ಎ ಬಂದ ನಾಯಿಯ ಪಕ್ಕದಲ್ಲೇ ಇರುತ್ತದೆ. ಎಲ್ಲರದೂ ಹೊರಗಿರುವಾಗ ಒಬ್ಬರಿಗೆ ಮಾತ್ರ ನಾಚಿಕೆ ಯಾಕೆ? ಇಲ್ಲಿ ಒಪ್ಪಿಗೆ ಬರೆದ ಆ ಹೆಂಗಸು ಒಬ್ಬರೇ ಹೊರಬೇಕಾದ ಭಾರವನ್ನು ಅಲ್ಲಿ ಎಲ್ಲರೂ ಹಂಚಿಕೊಂಡಿದ್ದಾರೆ.

ಸೀಜರ್

ನಾನು ಚಿಕ್ಕವಳಿದ್ದಾಗ ಶಿವಮೊಗ್ಗದಲ್ಲಿ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಸೀಜರ್ ಅಂತ ಒಂದು ಅಲ್ಸೇಷಿಯನ್ ಇತ್ತು. ಬೇಸಿಗೆ ರಜಕ್ಕೆ ಹೋದಾಗ ನಮಗೆಲ್ಲ ಅದೇ ಆಟ. ಚಿಕ್ಕಪ್ಪ ಅದನ್ನು ಮಗನ ಹಾಗೆ ನೋಡಿಕೊಂಡರು. ಮರಿಯಾಗಿದ್ದಾಗ ದಿನಾ ಹಾಲು, ಮೊಟ್ಟೆ, ಮೇಲೆ ಕ್ಯಾಲ್ಸಿಯಂ ಪುಡಿ. ದಪ್ಪಗೆ, ಹೊಳೆಯುತ್ತಾ ಬೆಳೆಯಿತು. ನೋಡಿದವರೆಲ್ಲ ಹೊಗಳುತ್ತಿದ್ದರು. ಒಂದು ವರ್ಷದ ಹೊತ್ತಿಗೆ ಓಡುವಾಗ ಹಿಂದಿನ ಎರಡೂ ಕಾಲನ್ನು ಮೊಲದ ಹಾಗೆ ಒಟ್ಟಿಗೆ ಎತ್ತಿಡುತ್ತಿತ್ತು. ನಮಗೆ ಮಕ್ಕಳಿಗೆ ಅದು ಚೆಂದ ಕಾಣುತ್ತಿತ್ತು. ಮೂರು ವರ್ಷಕ್ಕೆ ಮೆಟ್ಟಿಲು ಹತ್ತೋದು ನಿಲ್ಲಿಸಿತು. ಐದನೇ ವರ್ಷದಲ್ಲಿ ಬೆಳಗ್ಗೆ ಏಳುವಾಗ ಚಿಕ್ಕಪ್ಪ ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಎತ್ತಬೇಕಿತ್ತು. ಸಿಮೆಂಟ್ ನೆಲದ ಥಂಡಿ ಅಂದರು ಒಬ್ಬರು. ದೃಷ್ಟಿ ಅಂದರು ಇನ್ನೊಬ್ಬರು. ಕ್ಯಾಲ್ಸಿಯಂ ಸಾಲದು, ಇನ್ನೂ ಜಾಸ್ತಿ ಹಾಕಿ ಅಂದವರೇ ಬಹಳ.

ಈಗ ಗೊತ್ತಿರುವುದನ್ನು ಇಟ್ಟುಕೊಂಡು ನೋಡಿದರೆ ಹೊಟ್ಟೆ ಉರಿಯುತ್ತದೆ. ದೊಡ್ಡ ತಳಿಯ ಮರಿಗೆ ಬೇಕಾದ್ದಕ್ಕಿಂತ ಹೆಚ್ಚು ಕ್ಯಾಲ್ಸಿಯಂ ಕೊಟ್ಟರೆ ಮೂಳೆಗೆ ಬಲ ಬರುವುದಿಲ್ಲ, ಕೆಡುಕೇ ಆಗುತ್ತದೆ. ಎಳೆ ಮರಿಯ ಕರುಳು ಹೆಚ್ಚಾದದ್ದನ್ನು ತಡೆಯಲಾರದು, ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ದಪ್ಪಗೆ ಬೆಳೆಸುವುದೂ ಕೆಡುಕೇ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಒಂದಕ್ಕೆ ಅದರ ಜೋಡಿಗಿಂತ ಕಾಲುಭಾಗ ಕಡಿಮೆ ಊಟ ಕೊಟ್ಟು ಜೀವಮಾನವಿಡೀ ನೋಡಿದ ಅಧ್ಯಯನವಿದೆ. ಕಡಿಮೆ ತಿಂದವಕ್ಕೆ ಸೊಂಟದ ತೊಂದರೆ ಕಡಿಮೆ ಬಂತು, ಬಂದದ್ದೂ ತಡವಾಗಿ. ಅವು ಹೆಚ್ಚುಕಡಿಮೆ ಎರಡು ವರ್ಷ ಜಾಸ್ತಿ ಬದುಕಿದವು. ನಾರ್ವೆಯ ಇನ್ನೊಂದು ಅಧ್ಯಯನದಲ್ಲಿ, ಮೂರು ತಿಂಗಳೊಳಗೆ ದಿನಾ ಮೆಟ್ಟಿಲು ಹತ್ತಿಳಿದ ಮರಿಗಳಿಗೆ ಅಪಾಯ ಹೆಚ್ಚಿತ್ತು. ಹೊರಗೆ ಮೆತ್ತನೆ ನೆಲದಲ್ಲಿ ಬಿಟ್ಟು ಆಡಿಸಿದ ಮರಿಗಳಿಗೆ ಕಡಿಮೆಯಿತ್ತು. ಚಿಕ್ಕಪ್ಪನಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ಸೀಜರನ ಅಪ್ಪ ಅಮ್ಮನ ಸೊಂಟ ಹೇಗಿತ್ತು ಅಂತ ಹೇಳುವವರಂತೂ ಇರಲೇ ಇಲ್ಲ. ಮರಿ ತಂದಾಗ ಜೊತೆಗೆ ವಂಶಾವಳಿಯ ಕಾಗದ ಬಂದಿತ್ತು. ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಅದರಲ್ಲಿ ನಾಲ್ಕು ತಲೆಮಾರಿನ ಹೆಸರುಗಳಿದ್ದವು. ಯಾವ ಹೆಸರಿನ ಪಕ್ಕದಲ್ಲೂ ಸೊಂಟದ ಬಗ್ಗೆ ಒಂದಕ್ಷರ ಇರಲಿಲ್ಲ.

ತಂಗಿ ಫೋನ್ ಮಾಡಿದಾಗ

ಆ ಚಿಕ್ಕಪ್ಪನ ಮಗಳು ಈಗ ಬೆಂಗಳೂರಿನಲ್ಲಿದ್ದಾಳೆ. ಹೋದ ವರ್ಷ ಫೋನ್ ಮಾಡಿ, "ಅಕ್ಕಾ, ಮಕ್ಕಳು ಲ್ಯಾಬ್ರಡಾರ್ ಬೇಕು ಅಂತ ಕೂತಿದ್ದಾರೆ. ಒಂದು ಕಡೆ ನೋಡಿದ್ದೀನಿ. ಕೆಸಿಐ ಪೇಪರ್ ಎಲ್ಲ ಪಕ್ಕಾ ಇದೆಯಂತೆ" ಅಂದಳು. ಕೆಸಿಐ, ಅಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾದ ವಂಶಾವಳಿ ಇರೋದು ಒಳ್ಳೆಯದೇ. ಅದರಿಂದ ನಾಯಿ ಯಾರ ಮಗ ಅಂತ ಗೊತ್ತಾಗುತ್ತದೆ, ಕೀಲು ಹೇಗಿದೆ ಅಂತ ಗೊತ್ತಾಗುವುದಿಲ್ಲ. ಅಪ್ಪ ಅಮ್ಮ ಇಬ್ಬರದೂ ಸೊಂಟ, ಮೊಣಕೈ ಎಕ್ಸ್‌ರೇ ತೆಗೆಸಿದ್ದಾರಾ, ಯಾರು ಓದಿದ್ದಾರೆ, ಫಲಿತಾಂಶದ ಕಾಗದದಲ್ಲಿ ಚಿಪ್ ನಂಬರ್ ಇದೆಯಾ ಕೇಳು ಅಂದೆ. ಅವಳು ಕೇಳಿದಳು. ಆ ಬ್ರೀಡರ್, "ಮೇಡಂ, ನಮ್ಮ ನಾಯಿ ಹೇಗೆ ಓಡುತ್ತೆ ಬಂದು ನೋಡಿ, ಎಕ್ಸ್‌ರೇ ಎಲ್ಲ ಯಾಕೆ" ಅಂದರಂತೆ. ಇನ್ನೊಬ್ಬರು ಅಪ್ಪನದು ಮಾತ್ರ ಇದೆ, ಹೊರದೇಶದಿಂದ ಬಂದ ನಾಯಿ ಅಂದರು. ಅಮ್ಮನದು ಇರಲಿಲ್ಲ. ಮರಿಗೆ ಅರ್ಧ ಬರೋದು ಅಮ್ಮನಿಂದ ತಾನೇ?

ಬೆಂಗಳೂರಿನಲ್ಲಿ ಎಕ್ಸ್‌ರೇ ತೆಗೆಸೋಕೆ ಆಗುವುದಿಲ್ಲ ಅಂತಲ್ಲ. ಡಿಜಿಟಲ್ ಯಂತ್ರ ಇರುವ ಆಸ್ಪತ್ರೆಗಳಿವೆ, ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಓಎಫ್‌ಎ ಬೇರೆ ದೇಶದ ಚಿತ್ರಗಳನ್ನೂ ಓದಿ ಕೊಡುತ್ತದೆ. ಕೊಳ್ಳುವವರು ಕೇಳುವುದಿಲ್ಲ, ಅದಕ್ಕೇ ಮಾರುವವರು ತೆಗೆಸುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಮರಿ ತರುವವರು ಬಣ್ಣ ಕೇಳುತ್ತಾರೆ, ತಲೆ ಎಷ್ಟು ದಪ್ಪ ಕೇಳುತ್ತಾರೆ, ಚಾಂಪಿಯನ್ ವಂಶವಾ ಕೇಳುತ್ತಾರೆ. ಹತ್ತು ಹನ್ನೆರಡು ವರ್ಷ ಆ ನಾಯಿ ಯಾವ ಕಾಲಿನ ಮೇಲೆ ನಿಲ್ಲಬೇಕು ಅನ್ನೋದನ್ನು ಕೇಳುವುದಿಲ್ಲ. ಕೇಳಿ ದಯವಿಟ್ಟು. ಹತ್ತು ಜನ ಕೇಳಿದರೆ ಹನ್ನೊಂದನೆಯವರು ಬರುವ ಹೊತ್ತಿಗೆ ಬ್ರೀಡರ್ ಎಕ್ಸ್‌ರೇ ತೆಗೆಸಿಟ್ಟಿರುತ್ತಾರೆ.

ತಂಗಿಗೆ ಕೊನೆಗೆ ಒಬ್ಬರು ಸಿಕ್ಕರು. ಊರ ಹೊರಗೆ ಸ್ವಲ್ಪ ಜಾಗ ಮಾಡಿಕೊಂಡು ಕೆಲವೇ ನಾಯಿ ಸಾಕಿರುವವರು. ಅಪ್ಪನದು ಗುಡ್, ಅಮ್ಮನದು ಫೇರ್, ಇಬ್ಬರದೂ ಮೊಣಕೈ ನಾರ್ಮಲ್. ತಂಗಿಗೆ ಫೇರ್ ಅನ್ನೋದು ಹಿಡಿಸಲಿಲ್ಲ. "ಜಸ್ಟ್ ಪಾಸ್ ಅಂತ ತಾನೇ ಅಕ್ಕಾ?" ಅಂದಳು. ಪಾಸೇ, ಅದರಲ್ಲಿ ಭಯ ಪಡುವಂಥದ್ದಿಲ್ಲ, ಅಮ್ಮನ ಜೊತೆ ಹುಟ್ಟಿದವು ಹೇಗಿವೆ ಕೇಳು ಅಂದೆ. ಅವರು ಎರಡು ದಿನ ಬಿಟ್ಟು ತಾವೇ ಫೋನ್ ಮಾಡಿದರು. ಮೂರರ ಎಕ್ಸ್‌ರೇ ಆಗಿದೆ, ಎಲ್ಲದರ ಸೊಂಟ ಪಾಸು, ಒಂದಕ್ಕೆ ಮಾತ್ರ ಮೊಣಕೈ ಗ್ರೇಡ್ 1 ಇದೆ, ಅದನ್ನು ಮರಿಗೆ ಬಿಡುತ್ತಿಲ್ಲ ಅಂದರು. ಯಾರೂ ಕೇಳಿ ತೆಗೆಯಲಾಗದ ಮಾತನ್ನು ಅವರಾಗಿ ಹೇಳಿದರು. ಮರಿ ಅಲ್ಲಿಂದಲೇ ತಗೋ ಅಂದೆ.

ಆಮೇಲೆ ಅವಳಿಗೆ ಇನ್ನೊಂದು ಮಾತು ಹೇಳಿದೆ. ಎರಡು ವರ್ಷ ತುಂಬಿದ ಮೇಲೆ ಇದರದ್ದೂ ಎಕ್ಸ್‌ರೇ ತೆಗೆಸಿ ಕಳಿಸು. "ನಾವೇನು ಮರಿ ಮಾಡಿಸ್ತೀವಾ, ನಮಗ್ಯಾಕೆ?" ಅಂದಳು. ನಿನಗಲ್ಲ ಕಣೇ, ಇದರ ಅಮ್ಮನಿಗೆ ಇನ್ನೊಂದು ಸೂಲು ಮಾಡಿಸಬೇಕಾ ಬೇಡವಾ ಅಂತ ಅವರಿಗೆ ಗೊತ್ತಾಗೋದು ಹೀಗೇ, ಬೇರೆ ದಾರಿಯಿಲ್ಲ ಅಂದೆ. ಮನೆಯಲ್ಲಿ ಸುಮ್ನೆ ಸಾಕಿದ ನಾಯಿಗಳ ಚಿತ್ರಗಳೇ ಎಲ್ಲ ಕಡೆ ಕಾಣೆಯಾಗಿರುವುದು. ಚೆನ್ನಾಗಿಲ್ಲದಿದ್ದರೂ ಕಳಿಸಬೇಕಾ ಅಂತ ಕೇಳಿದಳು. ಚೆನ್ನಾಗಿಲ್ಲದಿದ್ದರೆ ತಪ್ಪದೇ ಕಳಿಸು, ಆ ಚಿಕ್ಕ ಜಾಗದಲ್ಲಿ ನಿನ್ನ ಎರಡಕ್ಷರ ಬರಿ ಅಂದೆ. ಖರ್ಚು ಎಷ್ಟಾಗುತ್ತೆ ಅಂದಳು. ಹೇಳಿದೆ. ಸರಿ ಅಂದಳು.